ಪ್ರಧಾನಿಯ ಹರಾಜು

"ಬಂತು! ಕಾರು ಬಂತು!"

ಮುಚ್ಚಿದ ಎಣ್ಣೆ ಗಿರಣಿಯ ಗೇಟಿನೆದುರು ರಸ್ತೆಗೆ ಅಡ್ಡ ಕೂತಿದ್ದ ಕೂಲಿಕಾರರು ದಡಬಡಿಸಿ ಎದ್ದರು. ಪೊಲೀಸರು ಲಾಠಿ ಬಿಗಿಹಿಡಿದರು. ಹೆಂಡದ ಅಂಗಡಿಯನ್ನು ಹಾಗೇ ಬಿಟ್ಟು ಓಡಿಬಂದಿದ್ದ ಪೆರ್ಪೆತು ಮಿಲೊಗೊ ಜನರ ಹೆಗಲುಗಳ ನಡುವಿನಿಂದ ಮಗಳನ್ನು ಹುಡುಕಿದಳು. ಕ್ಲೋದಿನ್ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಗಿರಣಿ ಮುಚ್ಚುವವರೆಗೆ ಅವಳು ಅಲ್ಲಿನ ಎಣ್ಣೆಯಿಂದಾಗುವ ಸಾಬೂನು ಕತ್ತರಿಸುತ್ತಿದ್ದವಳು.

ಕಾರಿನಲ್ಲಿದ್ದವನು ಹೊರಗಿನವನೇನಲ್ಲ. ಹಮ್ಮಾ ಸಿದಿಬೆ ಒಂದು ಕಾಲದಲ್ಲಿ ಇದೇ ಗೇಟಿನೊಳಗೆ ಹತ್ತಿಬೀಜ ತೂಗುತ್ತಿದ್ದ. ಸಂಘ ಕಟ್ಟಿದ, ಜೈಲು ಕಂಡ, ಗೆದ್ದು ಸಂಸತ್ತಿಗೆ ಹೋದ, ಮಂತ್ರಿಯಾದ. ಮೊನ್ನೆ ರೇಡಿಯೋದಲ್ಲಿ ಪ್ರಧಾನಿಯೆಂದು ಅವನ ಹೆಸರು ಕೇಳಿದಾಗ ಈ ಬೊಬೊ ಪಟ್ಟಣದ ಓಣಿ ಓಣಿಗಳಲ್ಲಿ ಜನ ತಪ್ಪಲೆ ಬಡಿದು ಕುಣಿದಿದ್ದರು. ಪೆರ್ಪೆತುವೂ ಕುಣಿದಿದ್ದಳು.

"ದಾರಿ ಬಿಡಿ! ಸಾಹೇಬರಿಗೆ ಸಭೆ ಇದೆ!" ಕಾರಿನ ಜೊತೆ ಬಂದಿದ್ದ ಅಧಿಕಾರಿ ಕೂಗಿದ.

"ನಮ್ಮ ಮಾತು ಕೇಳಿ ಹೋಗ್ಲಿ!" ಕ್ಲೋದಿನ್ ಕೂಗಿದಳು.

ಪೊಲೀಸರು ಮುಂದೆ ಸರಿದರು. ಏನಾಗುತ್ತಿದೆಯೆಂದು ನೋಡಲು ಹಮ್ಮಾ ಕಾರಿನಿಂದಿಳಿದ. ಪೊಲೀಸನೊಬ್ಬನ ಕಂಕುಳಡಿ ನುಸುಳಿ ಪೆರ್ಪೆತು ನೇರ ಅವನೆದುರು ಬಂದು ನಿಂತಳು.

"ಲೋ ಜೀತದಾಳೇ! ಕೋಟು ಹಾಕ್ಕೊಳ್ಳೋಕೆ ನಿನಗ್ಯಾರೋ ಅಪ್ಪಣೆ ಕೊಟ್ಟೋರು?"

"ಅಮ್ಮಾ! ಅವರು ಪ್ರಧಾನಿಗಳು!" ಅಧಿಕಾರಿ ಅಡ್ಡ ಬಂದ.

"ನಿಂಗೆ ಪ್ರಧಾನಿ ಕಣಪ್ಪ. ಅವನು ಫುಲಾನಿ ಕುಲದೋನು, ನಾನು ಬೊಬೊ ಕುಲದೋಳು. ಇವನಜ್ಜನ್ನ ನಮ್ಮಜ್ಜ ಒಂದು ಬುಟ್ಟಿ ಜೋಳ ಕೊಟ್ಟು ತಂದಿದ್ದ!"

ಈ ಎರಡು ಕುಲಗಳ ನಡುವಿನ ತಮಾಷೆ ಅಜ್ಜಂದಿರ ಕಾಲದ್ದು. ಎಷ್ಟು ಬೈದರೂ, ಜೀತದಾಳೆಂದು ಹರಾಜಿಗಿಟ್ಟರೂ ಸಿಟ್ಟಾಗುವಂತಿಲ್ಲ. ಸಿಟ್ಟಾದರೆ ಕುಲಕ್ಕೇ ಅವಮಾನ. ಆದರೆ ಇಷ್ಟು ದೊಡ್ಡವನಾದ ಮೇಲೂ ಅದು ಇವನಿಗೆ ನೆನಪಿದೆಯೆ?

ಹಮ್ಮಾನ ತುಟಿಯಂಚು ಅದುರಿತು. "ಹೆಂಡದ ಮಡಕೇಲಿ ಹುಟ್ಟಿದೋಳೇ, ಇನ್ನೂ ಬದುಕಿದೀಯಾ? ನಿನ್ನ ಮಾರಿ ಒಂದು ಕರು ತರೋಣ ಅಂತಿದ್ದೆ."

ನಗು ಸಿಡಿಯಿತು. ಪೊಲೀಸರೂ ನಕ್ಕರು. ಪೆರ್ಪೆತು ತಡಮಾಡಲಿಲ್ಲ, ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಅವನ ಎರಡೂ ಕೈ ಸೇರಿಸಿ ಕಟ್ಟಿದಳು.

"ಮಾರಾಟಕ್ಕಿದ್ದಾನೆ! ಮಾತು ಜೋರು, ಮೈ ಬಗ್ಗಲ್ಲ. ಯಾರು ತಗೋತೀರಿ?"

"ಒಂದು ಹಿಡಿ ಕಡಲೆಕಾಯಿ!"

"ಅಯ್ಯೋ, ಜಾಸ್ತಿಯಾಯ್ತು!"

"ಒಂದು ತುಂಡು ಸಾಬೂನು," ಎಂದಳು ಕ್ಲೋದಿನ್. ಅವಳು ನಗುತ್ತಿರಲಿಲ್ಲ. ಗದ್ದಲ ಇಳಿಯಿತು.

"ಕೊಟ್ಟೆ, ತಗೋ. ಇವನ ಕೈಲಿ ಏನು ಕೆಲಸ ಮಾಡಿಸ್ತೀಯೇ?"

"ಕೂತು ಕೇಳಲಿ."

"ಸರ್, ಗವರ್ನರ್ ಕಾಯ್ತಿದ್ದಾರೆ," ಅಧಿಕಾರಿ ಪಿಸುಗುಟ್ಟಿದ.

ಹಮ್ಮಾ ಕಟ್ಟಿದ ಕೈಗಳನ್ನೆತ್ತಿ ತೋರಿಸಿದ. "ಮಾರಾಟವಾದೋನ ಮಾತು ಎಲ್ಲಿ ನಡೆಯುತ್ತಪ್ಪಾ?"

ಯಾರೋ ಎಣ್ಣೆ ಡಬ್ಬವೊಂದನ್ನು ಬೋರಲು ಹಾಕಿದರು. ಅವನು ಕೂತ. ಗಿರಣಿ ಮುಚ್ಚಿದ ಮೇಲಿನ ಪಾಡನ್ನು ಕ್ಲೋದಿನ್ ಹೇಳತೊಡಗಿದಳು, ಅವಳ ನಂತರ ಒಬ್ಬ ಮುದುಕ, ಆಮೇಲೆ ಬಸುರಿ ಹೆಂಗಸೊಬ್ಬಳು. ಹಮ್ಮಾನ ಮುಖದ ನಗು ಮೆಲ್ಲಗೆ ಇಂಗಿತು. ಬಿಸಿಲೇರಿತು. ಹಣೆಯಿಂದ ಬೆವರು ಕಣ್ಣಿಗಿಳಿದಾಗ ಅವನು ಎರಡೂ ಕೈಗಳನ್ನು ಒಟ್ಟಿಗೇ ಎತ್ತಿ ಒರೆಸಿಕೊಂಡ. ಗಂಟು ಬಿಚ್ಚಲು ಯಾರೂ ಬರಲಿಲ್ಲ, ಅವನೂ ಕೇಳಲಿಲ್ಲ.