ಜಾಸ್ತಿಯ ಹೆಂಡತಿ

ಗುಂಗುರು, ಹೆಣದ ಅಂಗಿಯ ಕತ್ತಿನ ಗುಂಡಿ ಬಿಚ್ಚುತ್ತಿದ್ದಳು. ಈಗಷ್ಟೇ ಅದನ್ನು ಹಾಕಿ ಕಾಲರ್ ಸರಿಮಾಡಿದ್ದ ಸತ್ತವನ ಅತ್ತಿಗೆ ಅವಳ ಕೈ ಹಿಡಿದಳು.

“ಬಿಚ್ಚಬೇಡ ಪುಟ್ಟಿ. ನೀಟಾಗಿ ಕಾಣಲಿ.”

“ಕತ್ತು ಬಿಗಿಯುತ್ತೆ ಅಂತ ಬೈತಾನೆ.”

“ಇನ್ನೆಲ್ಲಿ ಬೈತಾನೆ, ಬಿಡು.”

ಗುಂಗುರು ಕೈ ಬಿಡಿಸಿಕೊಂಡು ಗುಂಡಿ ಬಿಚ್ಚಿದಳು. ನಲವತ್ತು ದಾಟಿದ ಹೆಂಗಸು. ಹೆಸರು ತಂದುಕೊಟ್ಟ ಗುಂಗುರು ಕೂದಲು ಆಗಲೇ ಅರ್ಧ ನೆರೆತಿತ್ತು. ಆದರೂ ಈ ಮನೆಯವರಿಗೆ ಅವಳು ಪುಟ್ಟಿ.

ಲಾಂಡ್ರಿಯ ಮೇಲಿನ ಒಂಟಿ ಕೋಣೆ ಅದು. ಎರಡು ಕುರ್ಚಿ, ಗೋಡೆಗೆ ಎರಡು ಮೊಳೆ. ಒಂದರಲ್ಲಿ ಅವನ ಏಪ್ರನ್, ಇನ್ನೊಂದರಲ್ಲಿ ಅವಳದು. ಕೆಳಗೆ ಮಷೀನುಗಳು ಇವತ್ತು ನಿಂತಿದ್ದವು. ಆ ನಡುಕವಿಲ್ಲದೆ ನೆಲ ಬೇರೆ ಯಾರದ್ದೋ ಮನೆಯದೆನಿಸುತ್ತಿತ್ತು.

ಬಾಗಿಲಲ್ಲಿ ನಿಂತ ಸೋದರಮಾವ ಸತ್ತವನ ಅಣ್ಣನನ್ನು ಕೇಳಿದ: “ಈಕೆ ಯಾರಪ್ಪಾ?”

“ಅವನ ಫ್ರೆಂಡು, ಮಾವ. ಜೊತೆಗೆ ಕೆಲಸ ಮಾಡೋಳು.” ಅಣ್ಣ ದನಿ ತಗ್ಗಿಸಿದ, ಆದರೆ ಕೋಣೆ ಅಷ್ಟು ದೊಡ್ಡದಿರಲಿಲ್ಲ. “ಇವಳನ್ನ ಮಣ್ಣಿಗೆ ಕರ್ಕೊಂಡು ಹೋಗಲ್ಲ. ಪಾಪ, ಇವಳಿಗೇನು ಗೊತ್ತಾಗುತ್ತೆ? ಗಾಬರಿ ಬೀಳ್ತಾಳೆ. ಓನರಮ್ಮ ಇಲ್ಲೇ ಇವಳ ಜೊತೆ ಇರ್ತಾರೆ.”

“ಓನರಮ್ಮ ಯಾಕಿರ್ತಾಳೆ?” ಲಾಂಡ್ರಿಯ ಒಡತಿ ಕಿಟಕಿಯ ಪಕ್ಕದಿಂದ ಅಂದಳು. “ಅಂಗಡಿಗೆ ಬೀಗ ಹಾಕಿರೋದು ಅವನನ್ನ ಕಳಿಸಿಕೊಡೋಕೆ. ಅವನ ಹೆಂಡತಿಗೆ ಕಾವಲು ಕೂರೋಕಲ್ಲ.”

ಗುಂಗುರು ಗಂಡನ ಕಾಲುಚೀಲ ಎಳೆದು ಸರಿಮಾಡಿದಳು. “ನಾನು ಬರ್ತೀನಿ,” ಅಂದಳು.

ಅಣ್ಣ ಪೆಟ್ಟಿಗೆ ತರಿಸಲು ಕೆಳಗಿಳಿದ.

*

ಅವನು ಹುಟ್ಟಿದಾಗ ಡಾಕ್ಟರು ತಾಯಿಗೆ ವಿವರಿಸಿದ್ದರು: ಪ್ರತಿ ಜೀವಕೋಶದಲ್ಲೂ ಒಂದು ಕ್ರೋಮೋಸೋಮು ಹೆಚ್ಚಿದೆ, ಮಾತು ತಡ, ನಡಿಗೆ ತಡ, ಹೃದಯ ಗಟ್ಟಿಯಿಲ್ಲ, ಇಪ್ಪತ್ತು ದಾಟುವುದು ಕಷ್ಟ. ಆ ಡಾಕ್ಟರು ತೀರಿಹೋದಾಗ ಅವನಿಗೆ ಮೂವತ್ತೆಂಟು. ಮಣ್ಣಿಗೆ ಹೋಗಿ ಬಂದು ಅಮ್ಮನಿಗೆ ಹೇಳಿದ: “ಒಳ್ಳೆಯವರು, ಪಾಪ. ಲೆಕ್ಕ ಮಾತ್ರ ಬರ್ತಿರಲಿಲ್ಲ.” ಹೃದಯ ನಿಂತದ್ದು ಮೊನ್ನೆ, ಐವತ್ತು ದಾಟಿದ ಮೇಲೆ.

ಬೀದಿಯಲ್ಲಿ ಯಾರಾದರೂ “ಇವನಿಗೆ ಒಂದು ಸುತ್ತು ಕಮ್ಮಿ” ಅಂದರೆ ನಿಂತು ತಿದ್ದುತ್ತಿದ್ದ: “ಕಮ್ಮಿ ಅಲ್ಲ ರೀ. ಒಂದು ಜಾಸ್ತಿ.” ಕೊನೆಗೆ ಹೆಸರೇ ಜಾಸ್ತಿ ಆಯಿತು.

ಲಾಂಡ್ರಿಯಲ್ಲಿ ಬೆಡ್‌ಶೀಟು ಮಡಚಲು ಇಬ್ಬರು ಬೇಕು. ಒಂದು ತುದಿ ಅವನದು. ಇನ್ನೊಂದು ಹೊಸದಾಗಿ ಸೇರಿದ ಗುಂಗುರುವಿನದು. ಅವಳಿಗೂ ಅದೇ ಒಂದು ಜಾಸ್ತಿ. ಎಳೆದು, ಕೊಡವಿ, ಎದುರುಬದುರು ನಡೆದು ತುದಿಗೆ ತುದಿ ಕೂಡಿಸಬೇಕು. ಎರಡು ಸಲ ಹತ್ತಿರ ಬಂದರೆ ಕೆಲಸ ಮುಗಿಯಿತು. ಇವರಿಬ್ಬರು ಮತ್ತೆ ಮತ್ತೆ ಬರುತ್ತಿದ್ದರು.

“ಸಾಕು ಕಣ್ರೋ,” ಓನರಮ್ಮ ಕೂಗುತ್ತಿದ್ದಳು, “ಅದು ಬೆಡ್‌ಶೀಟು, ಕರ್ಚೀಫಲ್ಲ!”

ಆಮೇಲೆ ಮೇಲಿನ ಕೋಣೆ ಖಾಲಿ ಮಾಡಿಸಿ ಅವರಿಗೆ ಕೊಟ್ಟಳು.

*

ಅವರು ಕೋಣೆಗೆ ಬಂದ ವಾರ ಅಣ್ಣ ಬಂದಿದ್ದ. ಅಮ್ಮ ತೀರಿಹೋದ ಮೇಲೆ ಮನೆಯಲ್ಲಿ ಅವನದೇ ಮಾತು.

“ಜೊತೆಗಿರಿ, ಬೇಡ ಅನ್ನಲ್ಲ. ಆದ್ರೆ ಮದುವೆ ಗಿದುವೆ ಅನ್ನಬೇಡಿ. ಜನ ನಗ್ತಾರೆ.”

“ಆಯ್ತು ಭಾವ,” ಅಂದಳು ಗುಂಗುರು.

“ಭಾವ ಅಲ್ಲ. ಅಣ್ಣ ಅನ್ನು.”

ಗುಂಗುರು ಬೆರಳು ಮಡಚಿ ಸಂಬಂಧ ಎಣಿಸಿದಳು, ನಿಧಾನವಾಗಿ. “ಇವನಿಗೂ ಅಣ್ಣ, ನನಗೂ ಅಣ್ಣ ಆದ್ರೆ ನಾನು ಇವನ ತಂಗಿ. ಥೂ!”

ಜಾಸ್ತಿ ಹೊಟ್ಟೆ ಹಿಡಿದು ನಕ್ಕು ಕುರ್ಚಿಯಿಂದ ಬಿದ್ದ. ಅಣ್ಣ ನಗಲಿಲ್ಲ. ಅಂದಿನಿಂದ ಗುಂಗುರು ಅವನನ್ನು ಏನಂತಲೂ ಕರೆಯಲಿಲ್ಲ. “ಇಲ್ಲಿ ನೋಡಿ” ಅನ್ನುತ್ತಿದ್ದಳು, ಅಷ್ಟೇ.

*

ಮೆಟ್ಟಿಲು ಕಿರಿದು. ಪೆಟ್ಟಿಗೆಯನ್ನು ಓರೆಮಾಡಿ ಇಳಿಸಿದರು. ವ್ಯಾನಿನ ಡ್ರೈವರ್ ಹಿಂಬಾಗಿಲು ಅರ್ಧ ಎಳೆದು ಕೇಳಿದ: “ಮುಂದೆ ಒಬ್ರಿಗೇ ಜಾಗ. ತೀರಾ ಹತ್ತಿರದವರು ಯಾರು?”

ಅಣ್ಣ ಹೆಜ್ಜೆ ಮುಂದಿಟ್ಟ. ಮುಂಬಾಗಿಲ ಹಿಡಿಕೆಯ ಮೇಲೆ ಆಗಲೇ ಒಂದು ಕೈ ಇತ್ತು. ಗಿಡ್ಡ ಬೆರಳು, ಸೋಪಿಗೆ ಒರಟಾದ ಚರ್ಮ.

“ಭಾವ, ನೀವು ಹಿಂದೆ ಕೂತ್ಕೊಳ್ಳಿ.”

ಬೀದಿಯಲ್ಲಿ ನಿಂತವರಿಗೆಲ್ಲ ಕೇಳಿಸಿತು. ಸೋದರಮಾವ ತಿರುಗಿದ. “ಭಾವ ಅಂದ್ಲಲ್ಲೋ?”

“ಗಂಡನ ಅಣ್ಣನ್ನ ಮತ್ತೇನಂತಾರೆ? ಚಿಕ್ಕಪ್ಪ ಅಂತಾರಾ?” ಅಂದಳು ಓನರಮ್ಮ.

ಅಣ್ಣನ ಕಿವಿ ಕೆಂಪಾಯಿತು. “ಇಲ್ಲಿ ಕೇಳಮ್ಮ, ಅದು ಮನೆಯವರು ಕೂರೋ ಜಾಗ. ಎಲ್ರೂ ನೋಡ್ತಾರೆ.”

“ನೋಡ್ಲಿ. ನಾನೇ ಇವನ ಮನೆಯವಳು.”

ಸೀಟು ಎತ್ತರವಿತ್ತು. ಮೊಣಕಾಲೂರಿ ಹತ್ತಿದಳು, ಚಾಚಿದ ಯಾವ ಕೈಯನ್ನೂ ಹಿಡಿಯಲಿಲ್ಲ. ಅಣ್ಣ ಅಲ್ಲೇ ನಿಂತಿದ್ದ. ಅವನ ಹೆಂಡತಿ ಬಂದು ತೋಳು ಹಿಡಿದಳು. “ಬನ್ನಿ ರೀ. ಹಿಂದೆ ಕೂರೋಣ.”

ಮಾರುಕಟ್ಟೆಯ ರಸ್ತೆಯಲ್ಲಿ ಜನ ಎಂದಿನಂತೆ ನೋಡಿದರು. ಪೆಟ್ಟಿಗೆಗಿಂತ ಮೊದಲು ಅವಳ ಮುಖವನ್ನು. ಡ್ರೈವರ್ ವೇಗ ಹೆಚ್ಚಿಸಿದ.

“ನಿಧಾನ,” ಅಂದಳು.

“ಹಿಂದೆ ಗಾಡಿ ಸಾಲುಗಟ್ಟಿವೆ, ಅಮ್ಮಾ.”

“ಕಟ್ಟಲಿ.”

ಅವಳು ಕಿಟಕಿಯ ಗಾಜು ಪೂರ್ತಿ ಇಳಿಸಿ ಮೊಣಕೈ ಹೊರಗಿಟ್ಟಳು. ವ್ಯಾನು ನಡುರಸ್ತೆಯಲ್ಲಿ ಮನುಷ್ಯರ ನಡಿಗೆಯಷ್ಟೇ ನಿಧಾನಕ್ಕೆ ಸಾಗಿತು. ಬಸ್ಸು, ಲಾರಿ, ಸ್ಕೂಟರು, ಒಂದರ ಬೆನ್ನಿಗೆ ಒಂದು, ರಸ್ತೆಯ ತಿರುವಿನವರೆಗೂ, ಹಾರ್ನ್ ಹೊಡೆಯುತ್ತ ಅವಳ ಹಿಂದೆ ಬರುತ್ತಿದ್ದವು.