ಹೆಂಗಸರ ಸಂತೆಯ ಹೊರಗೆ

ಗಂಡಸರನ್ನು ಒಳಗೆ ಬಿಡುವುದಿಲ್ಲ ಎಂಬ ಒಂದೇ ಕಾರಣಕ್ಕೆ ರುಕಿಯಾ ಈ ಅರಬ್ ದೇಶದ ಇಬ್ರಾ ಪಟ್ಟಣದ ಬುಧವಾರದ ಸಂತೆಯನ್ನು ಆರಿಸಿದಳು. ಅಲ್ಲಿ ಮಾರುವವರೂ ಹೆಂಗಸರೇ, ಕೊಳ್ಳುವವರೂ ಹೆಂಗಸರೇ. ನಾವಿರುವ ಅಲ್ ಮವಾಲೇಹ್‌ನಿಂದ ಅಲ್ಲಿಯವರೆಗೆ ಕಾರು ಓಡಿಸುವುದು, ಆಮೇಲೆ ಹೊರಗೆ ಕಾಯುವುದು, ಇಷ್ಟೇ ನನ್ನ ಕೆಲಸ. ಮದುವೆಯಾಗಿ ಹತ್ತೊಂಬತ್ತು ವರ್ಷವಾಯಿತು. ಊರಿಗೆ ಒಯ್ಯುವ ಸಾಮಾನನ್ನು ನನ್ನ ಹೆಂಡತಿ ನಾನಿಲ್ಲದೆ ಕೊಳ್ಳಹೊರಟದ್ದು ಇದೇ ಮೊದಲು.

ನಾನು ಉಮ್ಮರ್. ತರಕಾರಿ ಮಾರ್ಕೆಟಿನಲ್ಲಿ ನೀರುಳ್ಳಿ, ಬಟಾಟೆಯ ಸಗಟು ವ್ಯಾಪಾರ. ಊರಿಗೆ ಪೆಟ್ಟಿಗೆ ಕಟ್ಟುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನಾನೇ ಹೇಳಿಕೊಳ್ಳುತ್ತೇನೆ, ಬೇರೆ ಯಾರೂ ಹೇಳದ ಕಾರಣ. ನನ್ನ ನಿಯಮ ಒಂದೇ: ಎಲ್ಲರಿಗೂ ಒಂದೇ ಸಾಮಾನು. ನಾದಿನಿಗೆ ದೊಡ್ಡ ಬಾಟಲಿ, ಅತ್ತಿಗೆಗೆ ಸಣ್ಣದು ಎಂದಾದರೆ ಹತ್ತು ವರ್ಷ ಆ ಮಾತು ಮುಗಿಯುವುದಿಲ್ಲ. ಆದ್ದರಿಂದ ಮತ್ರಾದ ಬಜಾರಿನಲ್ಲಿ ಒಂದು ಡಜನ್ ಸೆಂಟು, ಒಂದು ಡಜನ್ ಜರಿ ಶಾಲು. ಹೆಸರಿನ ಚೀಟಿ ಅಂಟಿಸಿದರೆ ಖಲಾಸ್.

ಈ ನಿಯಮವೇ ಎರಡು ವರ್ಷದ ಹಿಂದೆ ನನ್ನ ಮಾನ ತೆಗೆಯಿತು. ತಂಗಿ ಐಶಮ್ಮನ ಗಂಡ ತೀರಿಕೊಂಡು ತಿಂಗಳಾಗಿತ್ತು. ಅಂಗಡಿ ಬಿಟ್ಟು ಹೊರಡುವ ಹಾಗಿರಲಿಲ್ಲ. ಊರಿಗೆ ಹೊರಟಿದ್ದ ಗೆಳೆಯ ಹಕೀಂನ ಕೈಯಲ್ಲಿ ಕುಟುಂಬದವರಿಗೆಲ್ಲ ಪೆಟ್ಟಿಗೆ ಕಳಿಸಿದೆ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂರಬೇಕು, ಆ ದಿನಗಳಲ್ಲಿ ಸುಗಂಧ, ಅಲಂಕಾರ ಮುಟ್ಟುವಂತಿಲ್ಲ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಇದ್ದತ್ ಕೂತ ತಂಗಿಗೆ ನಾನು ಕಳಿಸಿದ್ದು ಮಲ್ಲಿಗೆ ಸೆಂಟು ಮತ್ತು ಫಳಫಳಿಸುವ ಶಾಲು.

ಅಂದಿನಿಂದ ಐಶಮ್ಮ ನನ್ನೊಡನೆ ಮಾತು ಬಿಟ್ಟಳು. ಹಬ್ಬಕ್ಕೆ ರುಕಿಯಾಳ ಜೊತೆ ನಾಲ್ಕು ಮಾತಾಡುತ್ತಾಳೆ, ನನ್ನ ಸುದ್ದಿ ಎತ್ತುವುದಿಲ್ಲ. ಬರುವ ತಿಂಗಳು ಅವಳ ಮಗಳು ಫಾಯಿಝಾಳ ನಿಕಾಹ್. ಊರಿಗೆಲ್ಲ ಕಾಗದ ಹೋಗಿದೆ, ನನಗೆ ಬಂದಿಲ್ಲ. ನನಗಿರುವುದು ಇವಳೊಬ್ಬಳೇ ತಂಗಿ. ಕರೆಯದೆ ಹೋದರೆ ಊಟದ ಸಾಲಿನಲ್ಲಿ ಪರಕೀಯನಂತೆ ಕೂರಬೇಕು. ಆದರೂ ಟಿಕೆಟ್ ಮಾಡಿಸಿದ್ದೆ. ಅವಳು ಬೇಡವೆನ್ನಲಾರದಂಥ ಒಂದು ಉಡುಗೊರೆ ಸಿಕ್ಕರೆ ಸಾಕಿತ್ತು.

"ಈ ಸಲ ಆರಿಸುದು ನಾನೇ," ಎಂದಿದ್ದಳು ರುಕಿಯಾ. "ನೀವು ಡಜನ್ ಲೆಕ್ಕದ ಜನ."

ಸಂತೆಯ ಹೊರಗೆ ನೆರಳಿದ್ದದ್ದು ಒಂದೇ ಗೋಡೆಗೆ. ಅಲ್ಲಿ ನನ್ನಂಥ ಗಂಡಂದಿರು ಆರೇಳು ಮಂದಿ ಸಾಲಾಗಿ ನಿಂತಿದ್ದರು. ಚೌಕಾಸಿಗೆ ನಾನಿಲ್ಲದಿದ್ದರೆ ಇವಳು ಅವರು ಹೇಳಿದ ಬೆಲೆ ಕೊಟ್ಟು ಬರುತ್ತಾಳೆ ಎಂದು ನನಗೆ ಚಿಂತೆ. ಫೋನ್ ಮಾಡಿದೆ, ಎಂಗೇಜ್. ಹತ್ತು ನಿಮಿಷ ಬಿಟ್ಟು ಮಾಡಿದೆ, ಆಗಲೂ ಎಂಗೇಜ್. ಸಂತೆಗೆ ಹೋದ ಹೆಂಗಸು ಅರ್ಧ ಗಂಟೆ ಯಾರ ಜೊತೆ ಹರಟುತ್ತಾಳೆ?

ಕೊನೆಗೆ ಬಂದಳು. ಕೈ ಖಾಲಿ.

"ಎಂತ ತಗೊಂಡೆ?"

"ಎಂತದೂ ಇಲ್ಲ. ಧೂಪ ಮಾರುವ ಒಬ್ಬರು ಅಜ್ಜಿ, ಯಾರಿಗೆ ಅಂತ ಕೇಳಿದ್ರು. ನಾದಿನಿಗೆ ಅಂದೆ. ಅವಳಿಗೆ ಎಂತ ಇಷ್ಟ ಅಂದ್ರು. ನನಗೆ ಗೊತ್ತಿಲ್ಲ. ಹಾಗೆ ಐಶಮ್ಮನಿಗೇ ಫೋನ್ ಮಾಡಿದೆ."

ನನಗೆ ರೇಗಿತು. ಊರಿನವರು ಇಂಥದ್ದು ತಾ ಎಂದು ಕೇಳಬಾರದು, ನಾವು ಏನು ಬೇಕೆಂದು ವಿಚಾರಿಸಬಾರದು. ಪೆಟ್ಟಿಗೆಯ ಮರ್ಯಾದೆ ಅದು. "ಕೇಳಿ ಕೊಡುದಕ್ಕೆ ಉಡುಗೊರೆ ಅಂತಾರಾ ಮಾರಾಯ್ತಿ?"

"ಬೊಬ್ಬೆ ಹಾಕ್ಬೇಡಿ," ಎಂದಳು ರುಕಿಯಾ. "ಸೆಂಟಿನ ಸಿಟ್ಟು ಅವಳಿಗೆ ಆವತ್ತೇ ಹೋಗಿದೆ. ಅಣ್ಣನ ತಲೆ ನನಗೆ ಗೊತ್ತಿಲ್ವಾ ಅಂತ ನಗಾಡಿದಳು. ಆದ್ರೆ ಗಂಡ ಸತ್ತ ಮೇಲೆ ಅಣ್ಣ ಒಂದು ಫೋನ್ ಮಾಡ್ಲಿಲ್ಲ ಅಂದಳು. ನೀವು ಮಾಡಿದ್ದೇನೆ ಅಂತ ನನ್ನತ್ರ ಹೇಳಿದ್ರಲ್ಲ?"

ಹೇಳಿದ್ದೆ. ಹಸಿ ಸುಳ್ಳು. ಫೋನ್ ಮಾಡಿದರೆ ಐಶಮ್ಮ ಅಳುತ್ತಾಳೆ, ಆ ಅಳು ಕೇಳಲು ನನ್ನಿಂದಾಗದು ಎಂದು ಇವತ್ತು ನಾಳೆ ಅಂತ ದೂಡಿದೆ. ತಿಂಗಳು ಕಳೆದ ಮೇಲೆ ಯಾವ ಮುಖದಲ್ಲಿ ಮಾಡುವುದು? ಅದಕ್ಕೇ ಪೆಟ್ಟಿಗೆ ಕಳಿಸಿದ್ದು. ಸಾಲಿನಲ್ಲಿದ್ದ ಗಂಡಂದಿರಿಗೆ ನಮ್ಮ ಭಾಷೆ ಬಾರದಿದ್ದದ್ದು ಪುಣ್ಯ.

ರುಕಿಯಾ ನಂಬರು ಒತ್ತಿ ಫೋನನ್ನು ನನ್ನ ಕೈಗಿಟ್ಟಳು. ಆಚೆಯಿಂದ "ಹಲೋ" ಬಂತು. ಎರಡು ವರ್ಷದ ಮೇಲೆ ಕೇಳಿದ ದನಿ. ಹವಾಮಾನ, ಟಿಕೆಟ್, ಮದುವೆ ಚಪ್ಪರ, ಏನಾದರೂ ಮಾತಾಡೋಣವೆಂದು ಬಾಯಿ ತೆರೆದೆ. ಅಳು ಬಂತು. ಐವತ್ತೆರಡು ವರ್ಷದ ಗಂಡಸು, ನೀರುಳ್ಳಿ ವ್ಯಾಪಾರಿ, ನಡುಹಗಲಲ್ಲಿ ಗೋಡೆಗೆ ಮುಖ ಮಾಡಿ ಅತ್ತೆ.

ಐಶಮ್ಮ ಸುಮ್ಮನೆ ಕೇಳುತ್ತಿದ್ದಳು. ನಾನು ನಿಲ್ಲಿಸಿದ ಮೇಲೆ ಹೇಳಿದಳು, "ಆಯ್ತಾ ಅಣ್ಣಾ? ನಾನು ಕೂಡಾ ಹೀಗೇ ಅಳ್ತಾ ಇದ್ದೆ. ಕೇಳ್ಲಿಕ್ಕೆ ಮಾತ್ರ ನೀನು ಇರ್ಲಿಲ್ಲ."

"ಈಗ ಹೇಳು," ಎಂದೆ. "ಕೇಳ್ತೇನೆ."

ಅವಳು, ಗಂಡ ಬೆಳಿಗ್ಗೆ ಚಾ ಬೇಡವೆಂದು ಮಲಗಿದ ಆ ದಿನದಿಂದ ಶುರುಮಾಡಿ ಹೇಳತೊಡಗಿದಳು.