ಸೀಸನ್ನಿನಲ್ಲಿ ಹೊರಗೆ ಕೂತ ಕಲಾವತಿ

ಚೆನ್ನೈಯ ಟಿ. ನಗರದ ಸೀರೆ ಅಂಗಡಿಗಳ ಹಿಂದಿನ ಬೀದಿಯಲ್ಲಿ ಸದಾನಂದರಾಯರ ಹೋಟೆಲು. ಅಲ್ಲಿ ಎಲ್ಲರಿಗೂ ಗೊತ್ತಿದ್ದ, ಆದರೆ ಯಾರೂ ಬಾಯಿಬಿಟ್ಟು ಆಡದ ಸಂಗತಿ ಒಂದಿತ್ತು: ರಾಯರ ಹೆಂಡತಿ ಕಲಾವತಿ ಯಾವಾಗ ಮುಟ್ಟಾಗುತ್ತಾಳೆ ಎಂಬುದು. ಅಡುಗೆಯ ಶೀನನಿಗೆ ಗೊತ್ತು, ಸಪ್ಲೈಯರುಗಳಿಗೆ ಗೊತ್ತು, ಬೆಳಿಗ್ಗೆ ತರಕಾರಿ ಇಳಿಸಲು ಬರುವವನಿಗೂ ಗೊತ್ತು. ಗೊತ್ತಾಗದೆ ಏನು? ಹೋಟೆಲಿನ ಸಾಂಬಾರಿನ ಪುಡಿಯನ್ನು ದಿನಾ ಬೆಳಿಗ್ಗೆ ಮಹಡಿಯ ಮೇಲಿನ ಮನೆಯಲ್ಲಿ ಕಲಾವತಿಯೇ ಹುರಿದು ಪುಡಿ ಮಾಡಬೇಕು. ಅದರ ಹದ ಅವಳ ಕೈಯಲ್ಲಲ್ಲದೆ ಬೇರೆಲ್ಲೂ ಇಲ್ಲ. ಆದರೆ ಹೊರಗಾದ ಮೂರು ದಿನ ಅವಳು ಪುಡಿ ಮುಟ್ಟಕೂಡದೆಂದು ತೀರಿಹೋದ ಅತ್ತೆ ಕಟ್ಟಳೆ ಹಾಕಿದ್ದರು. ಆ ದಿನಗಳಲ್ಲಿ ಡಬ್ಬಿಯ ಹಳೇ ಪುಡಿ ಕೆಳಗಿಳಿಯುತ್ತಿತ್ತು, ಸಾಂಬಾರಿನ ಘಮ ಸ್ವಲ್ಪ ತಗ್ಗುತ್ತಿತ್ತು.

ವಿಮಾ ಕಂಪನಿಯಿಂದ ನಿವೃತ್ತರಾದ, ಮೈಸೂರು ಕಡೆಯ ರಮೇಶ್ ಎಂಬ ಖಾಯಂ ಗಿರಾಕಿಯೊಬ್ಬರಿದ್ದರು. ಅವರ ನಾಲಿಗೆಯಂತೂ ಸಿಐಡಿ. ಒಂದು ತುತ್ತು ಇಡ್ಲಿ ಅದ್ದಿ ಬಾಯಿಗಿಟ್ಟು, “ಏನ್ರೀ ರಾಯ್ರೇ, ಮನೆಯವರು ರಜಾನಾ?” ಎಂದು ಇಡೀ ಹೋಟೆಲಿಗೆ ಕೇಳುವ ಹಾಗೆ ವಿಚಾರಿಸುತ್ತಿದ್ದರು. ರಾಯರು ತಲೆಯೆತ್ತಿ ಫ್ಯಾನು ನೋಡುತ್ತಿದ್ದರು. ತಮಗೆ ಮದುವೆಯಾಗಿ, ಹುಟ್ಟಿದ ಮಗಳು ಸಂಬಳ ತರುವಷ್ಟು ದೊಡ್ಡವಳಾದರೂ ಆ ಸಂಗತಿಯನ್ನು ಹೆಸರು ಹಿಡಿದು ಕರೆದ ಮನುಷ್ಯ ಅವರಲ್ಲ. ಹೆಂಡತಿಯ ಎದುರಿಗೂ ಅದು ಬರೀ “ಅದು”.

ಈ ವರ್ಷ ನವರಾತ್ರಿಗೆ ಬಂದ “ಅದು” ಹೋಗುವ ಲಕ್ಷಣವನ್ನೇ ತೋರಿಸಲಿಲ್ಲ. ಕಲಾವತಿ ಮೂರು ದಿನ ಕಾದಳು, ವಾರ ಕಾದಳು. ಕೆಳಗೆ ಶೀನ ಡಬ್ಬಿ ಕೆರೆಯುವ ಸದ್ದು ಕೇಳಿಸತೊಡಗಿದಾಗ ಅವಳಿಗೆ ನಾಚಿಕೆಯಾಯಿತು. ಇಷ್ಟು ದಿನ ಹೊರಗೆ ಕೂತರೆ ಆ ರಮೇಶ್ ಏನು ಕೇಳಿಯಾರು! ತಲೆಗೆ ಸ್ನಾನ ಮಾಡಿ, ದೇವರಿಗೆ ದೂರದಿಂದಲೇ ಕೈಮುಗಿದು, ಏನೂ ಆಗದವಳ ಹಾಗೆ ಮೆಣಸು ಹುರಿಯಲು ನಿಂತಳು. ಮೊದಲ ದಿನ ಸಾಂಬಾರು ಹಳಸುತ್ತದೇನೋ ಎಂದು ಕಿವಿ ನೆಟ್ಟಗೆ ಮಾಡಿ ಕೂತಿದ್ದಳು. ಹಳಸಲಿಲ್ಲ. ಆ ವಾರವೇ ಒಂದು ಸಂಗೀತ ಸಭೆಯ ಕಾರ್ಯದರ್ಶಿ ಬಂದು ಎರಡು ಬಟ್ಟಲು ಸಾಂಬಾರು ಬರಿದೇ ಕುಡಿದರು. ಡಿಸೆಂಬರಿನ ಸಂಗೀತದ ಸೀಸನ್ನಿಗೆ ತಮ್ಮ ಸಭೆಯ ಕ್ಯಾಂಟೀನು ರಾಯರಿಗೇ ಎಂದು ಹೇಳಿ ಹೋದರು. ರಾಯರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಚೆನ್ನೈಯ ಹೋಟೆಲಿನವರಿಗೆ ಮಾರ್ಗಳಿ ತಿಂಗಳ ಸಭಾ ಕ್ಯಾಂಟೀನೆಂದರೆ ಸುಮ್ಮನೆಯೇ? ಸಂಗೀತ ಕಚೇರಿ ಕೇಳಲು ಬರುವವರಿಗಿಂತ ತಿನ್ನಲು ಬರುವವರೇ ಜಾಸ್ತಿ.

ಇತ್ತ ಕಲಾವತಿಗೆ ಮೆಟ್ಟಿಲು ಹತ್ತಿದರೆ ಎದೆ ಡವಡವ. ನಡುವೆ ಒಮ್ಮೆ ಕೂತೇ ಹತ್ತಬೇಕು. ಕೈಯುಗುರು ಬಿಳಿಚಿಕೊಂಡಿದ್ದವು. ಒಂದು ದಿನ ಧೈರ್ಯ ಮಾಡಿ ಗಂಡನ ಹತ್ತಿರ ಹೇಳಿದಳು.

“ಹ್ವಾಯ್, ಈ ಸಲ ಅದು ನಿಲ್ಲುದೇ ಇಲ್ಲ.”

“ವಯಸ್ಸಿಗೆ ಎಲ್ಲರಿಗೂ ಹಾಗೇ ಅಂತೆ ಮಾರಾಯ್ತಿ. ಸೀಸನ್ ಒಂದು ಕಳೀಲಿ, ಪೊಂಗಲ್ ಆಗ್ಲಿ. ಆಮೇಲೆ ಡಾಕ್ಟರ ಹತ್ರ ಹೋಗುವಾ.”

ಮರುದಿನವೂ ಅವಳು ಮೆಣಸು ಹುರಿಯುವುದನ್ನು ಕಂಡು ರಾಯರು ನಿರಾಳವಾದರು. ಪುಡಿಯ ಹತ್ತಿರ ನಿಂತಿದ್ದಾಳೆಂದರೆ ನಿಂತಿದೆ ಎಂದೇ ಅವರ ಲೆಕ್ಕ. ಕೇಳಲು ಹೋಗಲಿಲ್ಲ. ಕೇಳುವುದಾದರೂ ಯಾವ ಬಾಯಲ್ಲಿ?

ತಾನೇ ಹೋಗಿಬರೋಣವೆಂದು ಕಲಾವತಿ ಒಂದು ಮಧ್ಯಾಹ್ನ ಪಕ್ಕದ ರಸ್ತೆಯ ಕ್ಲಿನಿಕ್ಕಿಗೆ ಹೊರಟಳು. ಮುಂದೆ ಕೂತ ಹುಡುಗಿ ಗಂಟಲು ತೆರೆದು, “ಎನ್ನಮ್ಮಾ ಪ್ರಾಬ್ಲಂ?” ಎಂದಳು. ತಿರುಗಿ ನೋಡಿದರೆ ಬೆಂಚಿನ ತುಂಬ ಹೋಟೆಲಿನ ಗಿರಾಕಿಗಳು. ಸಂಜೆ ಬೋಂಡಾಕ್ಕೆ ಬರುವ ದಂಪತಿಗಳು ನಗುತ್ತ ನಮಸ್ಕಾರ ಬೇರೆ ಮಾಡಿದರು. ಕಲಾವತಿಯ ಬಾಯಿಂದ “ಮಂಡಿ ನೋವು” ಎಂದು ಹೊರಬಿತ್ತು. ಎಲುಬಿನ ಡಾಕ್ಟರು ಅವಳ ಎರಡು ಮಂಡಿಗಳನ್ನೂ ಕುಟ್ಟಿ ನೋಡಿ ಮುಲಾಮು ಬರೆದುಕೊಟ್ಟರು. ಅವಳ ಮಂಡಿಗೆ ಏನಾಗಿತ್ತು ಪಾಪ, ಕಲ್ಲಿನ ಹಾಗಿತ್ತು! ಮನೆಗೆ ಬಂದು ಮುಲಾಮು ಹಿಡಿದುಕೊಂಡು ಅತ್ತಳು.

ಶೋಳಿಂಗನಲ್ಲೂರಿನ ಆಫೀಸಿಂದ ಬಂದ ಮಗಳು ವೀಕ್ಷಾ ಕಂಡದ್ದು ಆ ಅಳುವನ್ನು. ಈ ಹುಡುಗಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಅರ್ಧ ತಮಿಳಿನಲ್ಲಿ ಬರುತ್ತದೆ. ತಾಯಿಯನ್ನು ಗದರಿಸಿ ಎಲ್ಲವನ್ನೂ ಬಾಯಿಬಿಡಿಸಿದಳು.

“ನಾಳೆಕ್ಕೇ ಡಾಕ್ಟರ್ ಪಾರ್ಕಣುಂ ಅಮ್ಮಾ.”

“ನಾಳೆ ಹೇಗೆ ಹೋಗುದು ಮಗಾ? ಅಡ್ಮಿಟ್ ಮಾಡಿದ್ರೆ? ಕ್ಯಾಂಟೀನಿಗೆ ಪುಡಿ ಯಾರು ಮಾಡ್ತಾರೆ? ನಿನ್ನ ಅಪ್ಪ ಪೊಂಗಲ್ ಕಳೀಲಿ ಅಂತಾರೆ.”

ವೀಕ್ಷಾಳ ಬಾಯಂಚಿನಲ್ಲಿ ತರಲೆ ನಗು ಬಂತು. “ಅಮ್ಮಾ, ಹೊರಗೆ ಆದ್ರೆ ಪುಡಿ ಟಚ್ ಪಣ್ಣಕೂಡದು. ಅದು ಅಜ್ಜಿ ಹಾಕಿದ ರೂಲ್ ತಾನೇ?”

“ಹೌದು.”

“ಹಾಗಾದ್ರೆ ರೂಲ್ ಫಾಲೋ ಪಣ್ಣು.”

ಕಲಾವತಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಸೆರಗು ಬಾಯಿಗೊತ್ತಿಕೊಂಡು ನಕ್ಕಳು.

ಮರುದಿನವೇ ಹಿಂದಿನ ಕೋಣೆಗೆ ಚಾಪೆ, ಚೊಂಬು, ತಟ್ಟೆ ಸಾಗಿಸಿದಳು. ಬಾಗಿಲಲ್ಲಿ ನಿಂತು, “ನಾನು ಹೊರಗೆ” ಎಂದು ಸಾರಿದಳು. ಸೀಸನ್ ಶುರುವಾಗಿ ಎರಡು ದಿನವೂ ಆಗಿರಲಿಲ್ಲ. ರಾಯರ ಮುಖ ಸಪ್ಪಗಾಯಿತು. ಆದರೂ ಮೂರು ದಿನ ತಾನೇ, ಡಬ್ಬಿಯಲ್ಲಿ ಪುಡಿ ಉಂಟು ಎಂದು ಸಮಾಧಾನ ಹೇಳಿಕೊಂಡರು. ನಾಲ್ಕನೇ ದಿನ ಬೆಳಿಗ್ಗೆ ತಾವೇ ಗೀಸರ್ ಹಾಕಿ ಬಂದು ಕೋಣೆಯ ಹೊರಗೆ ಕೆಮ್ಮಿದರು.

“ನೀರು ಕಾದಿದೆ.”

“ಕಾಯ್ಲಿ. ನಾನಿನ್ನೂ ಹೊರಗೆ.”

ಐದನೇ ದಿನವೂ ಅದೇ. ಕಾದು ಕಾದು ಗೀಸರಿಗೇ ಬೇಸರ ಬಂತು. ಡಬ್ಬಿಯ ತಳ ಕಂಡಿತು. ಶೀನ ಅಂಗಡಿಯ ಪ್ಯಾಕೆಟ್ ಪುಡಿ ತಂದು ಏನೋ ಮಾಡಿದ. ರಮೇಶ್ ಒಂದು ತುತ್ತು ತಿಂದು ಬಟ್ಟಲನ್ನು ದೂರ ತಳ್ಳಿದರು. “ರಾಯ್ರೇ, ಇದೇನು ರಜಾನೋ, ರಾಜೀನಾಮೆನೋ?” ಎಂದರು. ಸಭೆಯ ಕ್ಯಾಂಟೀನಿನಲ್ಲಿ ರೇಷ್ಮೆ ಸೀರೆಯ ಮಾಮಿಯೊಬ್ಬಳು ಸಾಂಬಾರನ್ನು ಮೂಸಿ ನೋಡಿ, ಉಣ್ಣದೆ, ಕಾರ್ಯದರ್ಶಿಯ ಕಿವಿಯಲ್ಲಿ ಏನೋ ಉಸುರಿದಳು. ಹೀಗೇ ಆದರೆ ವಾರದ ಕೊನೆಗೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಕಾರ್ಯದರ್ಶಿ ಬಂದು ಹೇಳಿಹೋದರು.

ಆ ಸಂಜೆ ರಾಯರು ಕೋಣೆಯ ಬಾಗಿಲಿಗೆ ಬಂದು, ಬಾಗಿಲಿಗೇ ಹೇಳುವ ಹಾಗೆ ಮಾತಾಡಿದರು.

“ನೋಡು, ಈಗ ಕಾಲ ಬದಲಾಗಿದೆ. ನೀನು ಸ್ವಲ್ಪ ಬಂದು ಹುರಿದು ಕೊಟ್ರೆ ಯಾರಿಗೆ ಗೊತ್ತಾಗ್ತದೆ?”

“ಅಯ್ಯಯ್ಯೋ! ಅತ್ತೆ ಮೇಲಿಂದ ನೋಡ್ತಿರುದಿಲ್ವಾ? ಅವರು ಹಾಕಿದ ಕಟ್ಟಳೆ ನಾನು ಮುರಿಯುದಾ? ನನ್ನ ಜೀವ ಹೋದ್ರೂ ಆಗುದಿಲ್ಲ ಮಾರಾಯ್ರೇ.”

“ಮತ್ತೆ ಎಂತ ಮಾಡುದು ಹೇಳು!”

“ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಅದು ನಿಂತ ಮರುದಿನ ನಾನು ಪುಡಿ ಹತ್ರ ಇರ್ತೇನೆ.”

ರಾಯರು ಆಟೋ ಕರೆಯಲು ಇಳಿದು ಹೋಗುವುದು ಕೇಳಿಸಿತು. ಬೇಡಿದ್ದು ಸಿಕ್ಕಿತೆಂದು ಕಲಾವತಿಗೆ ಖುಷಿಯೇ ಆಯಿತು. ಆದರೆ ಎದ್ದು ನಿಂತದ್ದೇ ಕಣ್ಣಿಗೆ ಕತ್ತಲೆ ಬಂದು ಗೋಡೆ ಹಿಡಿದುಕೊಂಡಳು. ತಾನು ಹೂಡಿದ ಆಟ ಆಟವಾಗಿ ಉಳಿದಿಲ್ಲವೆಂದು ಆಗ ಅವಳಿಗೆ ಭಯವಾಯಿತು.

ವೀಕ್ಷಾಳೂ ಜೊತೆಗೆ ಬಂದಳು. ಆಸ್ಪತ್ರೆಯ ಡಾಕ್ಟರಮ್ಮ ತಮಿಳಿನವಳು, ಸಣ್ಣ ದೇಹ, ದೊಡ್ಡ ಗಂಟಲು. ಎಷ್ಟು ದಿನದಿಂದ ಎಂದು ಕೇಳಿದಳು. ರಾಯರು ಮುಂದಾಗಿ, “ಒಂದು ವಾರ” ಎಂದರು. ಕಲಾವತಿ ನೆಲ ನೋಡಲಿಲ್ಲ, ಡಾಕ್ಟರಮ್ಮನ ಮುಖವನ್ನೇ ನೋಡಿ ಹೇಳಿದಳು: “ನವರಾತ್ರಿಯಿಂದ.”

ರಾಯರು ಸರಕ್ಕನೆ ತಿರುಗಿದರು. ಅವರ ತಲೆಯೊಳಗೆ ದೀಪಾವಳಿ ಹಾದುಹೋಯಿತು, ಕಾರ್ಯದರ್ಶಿ ಕುಡಿದ ಎರಡು ಬಟ್ಟಲು ಹಾದುಹೋದವು, ಊರಿಂದ ಬಂದು ಉಂಡು ಹೋದ ಪುರೋಹಿತರು ಹಾದುಹೋದರು. “ಹಾಗಾದ್ರೆ... ಆ ಪುಡಿ?”

“ನಾನೇ ಮಾಡಿದ್ದು. ಪುರೋಹಿತರು ಮತ್ತೊಮ್ಮೆ ಬಡಿಸಿಕೊಂಡ್ರಲ್ಲ, ನೆನಪುಂಟಾ?”

ರಾಯರ ಬಾಯಿ ತೆರೆದುಕೊಂಡೇ ಇತ್ತು. ಸ್ಕ್ಯಾನು ಮುಗಿದು ರಕ್ತದ ಪರೀಕ್ಷೆಯ ಫಲವೂ ಬಂತು. ಡಾಕ್ಟರಮ್ಮ ಅದನ್ನು ನೋಡಿ ರಾಯರ ಕಡೆ ತಿರುಗಿದ ರೀತಿಗೆ ಅವರು ಕುರ್ಚಿಯಲ್ಲೇ ಹಿಂದೆ ಸರಿದರು. ಗರ್ಭಕೋಶದಲ್ಲಿ ಗಡ್ಡೆ ಇದೆ, ಅದು ಕೆಟ್ಟ ಗಡ್ಡೆಯಂತೆ ಕಾಣುವುದಿಲ್ಲ, ತೆಗೆದರೆ ಆಯಿತು ಎಂದಳು. ಆದರೆ ಮೈಯಲ್ಲಿ ಇರಬೇಕಾದ ರಕ್ತದಲ್ಲಿ ಅರ್ಧವೂ ಉಳಿದಿಲ್ಲ. ಇನ್ನು ಸ್ವಲ್ಪ ದಿನ ತಡೆದಿದ್ದರೆ ಹೃದಯವೇ ಕೈಕೊಡುತ್ತಿತ್ತು. ಪೊಂಗಲ್‌ವರೆಗೆ ಇವರು ಇರುತ್ತಿರಲಿಲ್ಲ. ಈಗಲೇ ರಕ್ತ ಏರಿಸಬೇಕು, ಕೊಡುವವರನ್ನು ಕರೆಸಿ.

ರಾಯರು ಹೆಂಡತಿಯ ಬಿಳಿಚಿದ ಕೈಯನ್ನು ಒಮ್ಮೆ ಹಿಡಿದರು. ನರ್ಸು, ಮಗಳು, ಡಾಕ್ಟರು ಎಲ್ಲರ ಎದುರಿಗೆ ಹಿಡಿದರು. ಹಿಡಿದವರು ಬಿಟ್ಟು, ಫೋನು ತೆಗೆದುಕೊಂಡು ಹೊರಗೆ ಓಡಿದರು.

ಕಲಾವತಿಯನ್ನು ವಾರ್ಡಿನ ಮಂಚದಲ್ಲಿ ಮಲಗಿಸಿದರು. ಬಾಗಿಲು ತೆರೆದೇ ಇತ್ತು. ಹೊರಗೆ ಓಣಿಯಂಥ ಉದ್ದನೆಯ ಕಾರಿಡಾರು, ಅದರ ತುಂಬ ಕಾಯುತ್ತ ಕೂತ ಜನ. ರಾಯರು ಊರಿನವರ ಸಂಘದ ಕಾರ್ಯದರ್ಶಿ ಜಯಪ್ರಕಾಶರಿಗೆ ಫೋನು ಹಚ್ಚಿದ್ದರು. ಆ ಮಹಾನುಭಾವರು ಯಾವುದೋ ಮದುವೆ ಛತ್ರದಲ್ಲಿ ಓಲಗದ ಪಕ್ಕದಲ್ಲೇ ಇದ್ದರೆಂದು ಕಾಣುತ್ತದೆ.

“ರಕ್ತ ಬೇಕು ಜಯಪ್ರಕಾಶಣ್ಣ, ರಕ್ತ! ನಿಮ್ಮ ಹುಡುಗರನ್ನು ಕಳಿಸಿ!... ಆಕ್ಸಿಡೆಂಟ್ ಅಲ್ಲ!... ಅಲ್ಲ, ನನಗಲ್ಲ, ಕಲಾವತಿಗೆ!... ಅದು... ಅದು ಹೆಂಗಸರ... ಅದೇ, ಅದು...”

ಆಚೆಯಿಂದ ಏನೂ ಕೇಳಿಸುವುದಿಲ್ಲವೆಂದು ಜಯಪ್ರಕಾಶರು ಕೂಗುತ್ತಿರಬೇಕು. ರಾಯರು ಒಂದು ಉಸಿರು ತಡೆದರು. ಆಮೇಲೆ ಓಣಿಯ ಎರಡೂ ತುದಿಗೆ ಕೇಳುವಂತೆ ಬೊಬ್ಬೆ ಹೊಡೆದರು.

“ಮುಟ್ಟು ಮಾರಾಯ್ರೇ, ಮುಟ್ಟು! ನವರಾತ್ರಿಯಿಂದ ನಿಂತಿಲ್ಲ! ನನ್ನ ಹೆಂಡತಿ ಸಾಯ್ತಾಳೆ, ಬೇಗ ಬನ್ನಿ!”

ಓಣಿಯಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಭಾಷೆ ತಿಳಿಯದವರೂ ನೋಡಿದರು. ರಾಯರ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೂ ಹೋಗದೆ ಮುಂದಿನ ನಂಬರು ಒತ್ತಿದರು. ಅಲ್ಲೂ ಅದನ್ನೇ ಕೂಗಿದರು.

ವೀಕ್ಷಾ ನಾಚಿ ಕೆಂಪಾಗಿ ಬಾಗಿಲು ಮುಚ್ಚಲು ಎದ್ದಳು. ಕಲಾವತಿ ಅವಳ ಚೂಡಿದಾರದ ಅಂಚು ಹಿಡಿದು ಜಗ್ಗಿದಳು.

“ಬೇಡ ಮಗಾ, ತೆರೆದೇ ಇರ್ಲಿ. ಇನ್ನೂ ಸ್ವಲ್ಪ ಕೇಳುವಾ.”